ತುಂಗಾಬಾಯಿಯ ಸೆರಗಿನಲ್ಲಿದ್ದ ರುಂಡ

ನಾನು ಒಂದು ರುಂಡ. ಗಾಬರಿಯಾಗಬೇಡಿ, ನನ್ನನ್ನು ಯಾರೂ ಕಡಿದಿಲ್ಲ; ನಾನು ಹುಟ್ಟಿದ್ದೇ ಕುತ್ತಿಗೆಯವರೆಗೆ. ಕೈಕಾಲು ಇರುವವರು ಎಲ್ಲೋ ಒಂದು ಕಡೆ ಕೂತು ದಣಿವಾರಿಸಿಕೊಳ್ಳುತ್ತಾರೆ. ನನಗೆ ಆ ಭಾಗ್ಯವಿಲ್ಲ. ಕುತ್ತಿಗೆಯ ಬುಡವನ್ನು ಚೂರು ಓರೆಯಾಗಿ ಕೆತ್ತಿದ್ದರಿಂದ ಎಲ್ಲಿಟ್ಟರೂ ಒಂದಿಷ್ಟು ಹೊರಳಿಯೇ ನಿಲ್ಲುತ್ತೇನೆ. ನಿಂತ ಮೇಲೂ ನಿಂತೆನೆಂಬ ನಂಬಿಕೆ ನನಗೆ ಬರುವುದಿಲ್ಲ.

ನನ್ನನ್ನು ಮಾಡಿದ್ದು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ. ವಿರೂಪಣ್ಣ ಚಿತ್ರಗಾರ ಹಗುರವಾದ ಮರವನ್ನು ಕೆತ್ತಿ, ಮೇಲೆ ಸೆಣಬಿನ ಚಿಂದಿ, ಕಟ್ಟಿಗೆಯ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಣಕವನ್ನು ಮೆತ್ತಿ ಮೆತ್ತಿ ನನಗೆ ಕೆನ್ನೆ, ಮೂಗು, ಗದ್ದ ಕೊಟ್ಟ. ದೇವರ ಮೂರ್ತಿ, ತೊಟ್ಟಿಲ ಗೊಂಬೆ ಮಾಡುವ ಮನೆತನ ಅವರದು. ರುಂಡ ಮಾಡಿಸಲು ಬಂದ ನಾಟಕ ಕಂಪನಿಯ ಮಾಲೀಕ ಕೊಟ್ರಬಸಯ್ಯನನ್ನು ಕಂಡು ಅವನು ಮುಖ ಸಿಂಡರಿಸಿದ್ದ.

"ದೇವರ್ನ ಮಾಡೋ ಕೈಲೆ ಹೆಣದ ತಲಿ ಮಾಡಸ್ತೀರಲ್ರಿ" ಎಂದ.

"ಸಾಯಾಂವ ದುಷ್ಟ ಅದಾನೋ ಮಾರಾಯಾ. ದುಷ್ಟರನ್ನ ಕೊಲ್ಲೂದು ದೇವರ ಕೆಲಸನ ಅಲ್ಲೇನು?" ಎಂದು ಕೊಟ್ರಬಸಯ್ಯ ಅವನ ಬಾಯಿ ಮುಚ್ಚಿಸಿದ. ಮಾತಿನಲ್ಲಿ ಅವನನ್ನು ಗೆದ್ದವರನ್ನು ನಾನು ಕಾಣೆ.

ಕಂಪನಿಯಲ್ಲಿ ಆಗ 'ಸೇಡಿನ ಸೆರಗು' ಎಂಬ ಹೊಸ ನಾಟಕ ಎತ್ತಿಕೊಂಡಿದ್ದರು. ಕೊನೆಯ ಅಂಕದಲ್ಲಿ ರಾಣಿ ಖಳನಾಯಕನ ತಲೆಯನ್ನು ಸೆರಗಿನಲ್ಲಿ ಸುತ್ತಿ ತಂದು ಜನರಿಗೆ ತೋರಿಸಬೇಕು. ಬೇರೆ ಕಂಪನಿಗಳಲ್ಲಿ ಇಂಥ ಸೀನಿಗೆ ಕೆಂಪು ಬಣ್ಣ ಬಳಿದ ಗಡಿಗೆ ಬಳಸುತ್ತಿದ್ದರಂತೆ. ಕೊಟ್ರಬಸಯ್ಯನಿಗೆ ಅದು ಸಾಲದು. ಖಳನ ಪಾರ್ಟು ಮಾಡುವ ಅಂದಾನಪ್ಪನ ಮುಖವೇ ಬೇಕು, ಮುಂದಿನ ಸಾಲಿನಲ್ಲಿ ಕೂತವರ ಎದೆ ಧಸಕ್ಕೆನ್ನಬೇಕು ಎಂಬ ಹಟ. ಹಾಗಾಗಿ ಅಂದಾನಪ್ಪನೇ ಬಂದು ಚಿತ್ರಗಾರನ ಪಡಸಾಲೆಯಲ್ಲಿ ಕೂತ. ಎಡಹುಬ್ಬಿನ ಮೇಲೊಂದು ಮಚ್ಚೆ, ನಕ್ಕರೆ ಒಂದೇ ಕಡೆ ಏರುವ ತುಟಿ, ಹುರಿಗಟ್ಟಿದ ಮೀಸೆ. ಎಲೆ ಅಡಿಕೆ ಮೆಲ್ಲುತ್ತ, ವಿರೂಪಣ್ಣನ ಹೆಂಡತಿಯನ್ನು ಅತ್ತಿಗೆಯೆಂಬಂತೆ "ವೈನಿ" ಎಂದು ಕರೆದು ಚಹಾ ಮಾಡಿಸಿಕೊಳ್ಳುತ್ತ ಕೂತವನು ತನ್ನ ತಲೆ ತಯಾರಾಗುವುದನ್ನು ತಾನೇ ನೋಡಿದ.

"ಕಣ್ಣ ಮುಚ್ಚಲೋ, ತೆರೀಲೋ?" ಎಂದು ವಿರೂಪಣ್ಣ ಕೇಳಿದಾಗ ಉತ್ತರ ಕೊಟ್ಟದ್ದೂ ಅವನೇ.

"ತೆರದs ಇರ್ಲಿ. ಆಕಿ ಬೈಯೂದು ನಾ ನೋಡಬೇಕಲ್ಲ."

ಆ ಆಕೆಯೇ ತುಂಗಾಬಾಯಿ. ರಾಣಿಯ ಪಾರ್ಟು ಅವಳದು. ಕಂಪನಿಗೆ ಬಂದಾಗ ಅವಳಿಗೆ ಹಾಡು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು, ಯಾವ ಮಾತಿಗೆ ಯಾವ ಕೈ ಎತ್ತಬೇಕು ಎಂದು ಕಲಿಸಿದವನು ಅಂದಾನಪ್ಪ. ಕಲಿಸುತ್ತ ಕಲಿಸುತ್ತ ಇಬ್ಬರೂ ಒಂದೇ ಬಿಡಾರದಲ್ಲಿರತೊಡಗಿದರು. ತಾಳಿ ಕಟ್ಟಿರಲಿಲ್ಲ. ಕಂಪನಿಯಲ್ಲಿ ಅದನ್ನು ಯಾರೂ ಕೆದಕುತ್ತಿರಲಿಲ್ಲ. ದಿನಾ ಬಣ್ಣ ಹಚ್ಚಿ ತಾಳಿ ಕಟ್ಟಿ ಬಿಚ್ಚುವವರಿಗೆ ಅದೊಂದು ದೊಡ್ಡ ಮಾತಲ್ಲ. ತುಂಗಾಬಾಯಿ ಮಾತ್ರ ಅವನನ್ನು ಗಂಡನೆಂದೇ ತಿಳಿದಿದ್ದಳು. ಮೊದಲ ಬಾರಿಗೆ ನನ್ನನ್ನು ಕೈಗೆತ್ತಿಕೊಂಡಾಗ ಸೆರಗಿನ ತುದಿಯಿಂದ ನನ್ನ ಹಣೆಯ ಧೂಳು ಒರೆಸಿ, "ಖರೆನ ಅವನs ಅದಾನ" ಎಂದು ನಾಚಿದಳು.

ನಾಟಕದ ಕಥೆಯನ್ನೂ ಹೇಳಿಬಿಡುತ್ತೇನೆ. ದಂಡನಾಯಕ ಕರಾಳಕೇತು ರಾಜನನ್ನು ಕೊಂದು ಕೋಟೆ ಹಿಡಿಯುತ್ತಾನೆ. ರಾಣಿ ಹೇಮಕಾಂತೆ ತಪ್ಪಿಸಿಕೊಳ್ಳುತ್ತಾಳೆ, ಅವಳ ಹಸುಗೂಸು ಕೋಟೆಯಲ್ಲೇ ಉಳಿಯುತ್ತದೆ. ವರ್ಷಗಳ ಮೇಲೆ ಅವಳು ವೇಷ ಮರೆಸಿಕೊಂಡು ಬಂದು ಅದೇ ಕರಾಳಕೇತುವಿನ ಮನೆಯಲ್ಲಿ ದಾಸಿಯಾಗುತ್ತಾಳೆ. ಉಂಡೆದ್ದವನ ಕೈಗೆ ದಿನಾ ನೀರು ಹಾಕುತ್ತ ಹೊತ್ತು ಕಾಯುತ್ತಾಳೆ. ಕೊನೆಗೊಂದು ದಿನ ತಲೆ ಕಡಿಯುತ್ತಾಳೆ, ಸೆರಗಿನಲ್ಲಿ ಸುತ್ತಿ ತಂದು ಶಾಪ ಹಾಕುತ್ತಾಳೆ. ಆಗ ಒಬ್ಬ ಯುವಕ "ಅಪ್ಪಾ" ಎಂದು ಓಡಿ ಬಂದು ಕತ್ತಿ ಹಿರಿದು ಅವಳನ್ನು ಇರಿಯುತ್ತಾನೆ. ಅವನು ಅವಳದೇ ಮಗ, ಕರಾಳಕೇತು ಸಾಕಿ ಬೆಳೆಸಿದವನು. ಸೇಡಿನ ಸೀನಿಗೆ ಶಿಳ್ಳೆ ಚಪ್ಪಾಳೆ. ಮುಂದಿನ ಸೀನಿಗೆ ಮೂಗು ಒರೆಸಿಕೊಳ್ಳುವ ಸದ್ದು. ಅರ್ಧ ಜನ ಶಿಳ್ಳೆ ಹೊಡೆದು ಬಸ್ಸು ಹಿಡಿಯಲು ಎದ್ದುಬಿಡುತ್ತಿದ್ದರು. ಅವರ ಪಾಲಿಗೆ ಅದು ಸುಖಾಂತ ನಾಟಕ.

ನಮ್ಮ ಕಂಪನಿಯಲ್ಲೊಂದು ಕಟ್ಟುನಿಟ್ಟು ಇತ್ತು. ನಾಟಕದಲ್ಲಿ ಸತ್ತವರೆಲ್ಲ ಎದ್ದು ಬಂದು ಸಾಲಾಗಿ ನಿಲ್ಲದೆ ಮಂಗಳದ ಹಾಡು ಹೇಳುವಂತಿಲ್ಲ. ಸತ್ತವನು ನಿಲ್ಲದೆ ಮಂಗಳ ಹಾಡಿದರೆ ಆ ಸಾವು ನಿಜವಾಗಿ ಅಂಟಿಕೊಳ್ಳುತ್ತದೆ ಎಂದು ಎಲ್ಲರೂ ನಂಬಿದ್ದರು. ಅಂದಾನಪ್ಪ ಬಂದು ನನ್ನ ನೆತ್ತಿಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ, ಒಂದೇ ಮುಖ ಎರಡು ಕಡೆ ಕಂಡು ಜನ ನಗುತ್ತಿದ್ದರು. ಆಮೇಲೆಯೇ ರಾಜೇಸಾಬ ಮಾಸ್ತರ ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತಿದ್ದ.

ಗಜೇಂದ್ರಗಡದ ಕ್ಯಾಂಪಿನಲ್ಲಿ ತುಂಗಾಬಾಯಿಯ ಹೆಸರಿನ ಮೇಲೊಂದು ವಿಶೇಷ ಆಟ ಇಟ್ಟರು. ಕಲಾವಿದೆಯ ಗೌರವಕ್ಕಾಗಿ ಆಡುವ ಇಂಥ ಆಟಕ್ಕೆ ಊರಿನ ಹಿರಿಯರೆಲ್ಲ ಬರುತ್ತಾರೆ, ಶಾಲು ಹೊದಿಸುತ್ತಾರೆ. ಅವಳು ಅಂದು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ನನ್ನನ್ನು ಸುತ್ತಿ ತಂದದ್ದೂ ಅದರ ಸೆರಗಿನಲ್ಲೇ.

ಶಾಪದ ಮಾತು ಹೇಳುವಾಗ ಅವಳು ನನ್ನ ಮುಖವನ್ನು ತನ್ನ ಕಡೆ ತಿರುಗಿಸಿ ಹಿಡಿಯುತ್ತಿದ್ದಳು. ಹಾಗಾಗಿ ಅವಳ ಹೆಗಲ ಮೇಲಿಂದ ನನಗೆ ಪರದೆಯ ಮರೆ ಪೂರ್ತಿ ಕಾಣುತ್ತಿತ್ತು. ಅಂದು ಅಲ್ಲಿ, ಆಗಷ್ಟೇ 'ಸತ್ತು' ಒಳಗೆ ಹೋದ ಅಂದಾನಪ್ಪ ಟವೆಲ್ಲಿನಿಂದ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ, ರಾಣಿಯ ಸಖಿಯ ಪಾರ್ಟು ಮಾಡುವ ಇಂದುಮತಿ ಟ್ರಂಕು ಹಿಡಿದು ನಿಂತಿದ್ದಳು. ಇವಳು ಇಲ್ಲಿ "ನಿನ್ನ ಮನೆಯ ಒಲೆ ಆರಲಿ" ಎನ್ನುತ್ತಿದ್ದಾಗ ಅವನು ಅಲ್ಲಿ ಚಪ್ಪಲಿ ಮೆಟ್ಟಿದ. ಇವಳು "ನಿನ್ನ ವಂಶದ ಬೇರು ಒಣಗಲಿ" ಎನ್ನುತ್ತಿದ್ದಾಗ ಅವನು ಹಿಂಬಾಗಿಲ ತಗಡು ಸರಿಸಿದ. ಒಂದು ಕ್ಷಣ ತಿರುಗಿ ನೋಡಿದ, ಅದೂ ಅವಳನ್ನಲ್ಲ, ಜನ ತುಂಬಿದ ಥಿಯೇಟರನ್ನು. ನನಗೆ ಬಾಯಿ ಇತ್ತು, ತುಟಿ ಇತ್ತು, ಹಲ್ಲು ಸಹ ಇದ್ದವು. ಕೂಗಲು ಗಂಟಲಿರಲಿಲ್ಲ. ಅಂಥ ಸಂಕಟ ಯಾವ ಮರದ ತುಂಡಿಗೂ ಬರಬಾರದು.

ಮಂಗಳಕ್ಕೆ ಎಲ್ಲರೂ ನಿಂತರು. ಸತ್ತ ರಾಜ ಬಂದ, ಸತ್ತ ಸೈನಿಕರು ಬಂದರು. ಕರಾಳಕೇತು ಬರಲಿಲ್ಲ. ರಾಜೇಸಾಬ ಅದೇ ನಾಲ್ಕು ಸ್ವರಗಳನ್ನು ಮತ್ತೆ ಮತ್ತೆ ಬಾರಿಸಿದ. ಜನ ಗುಸುಗುಸು ಎಂದರು. ತುಂಗಾಬಾಯಿ ನನ್ನನ್ನು ಹಿಡಿದುಕೊಂಡೇ ಪರದೆಯ ಕಡೆ ನೋಡುತ್ತಿದ್ದಳು. ಮೊದಲು ಸಿಟ್ಟು, ಆಮೇಲೆ ಗಾಬರಿ, ಆಮೇಲೆ ಅವಳಿಗೆ ತಿಳಿಯಿತು. ಅವಳ ಬೆರಳು ನನ್ನ ಕೂದಲಲ್ಲಿ ಬಿಗಿಯಾದದ್ದು ನನಗೆ ಗೊತ್ತಾಯಿತು. ಕೊಟ್ರಬಸಯ್ಯ ಮಂಗಳ ಹಾಡಿಸದೆಯೇ ಪರದೆ ಬಿಡಿಸಿದ.

ಅವರಿಬ್ಬರೂ ಬೇರೆ ಕಂಪನಿ ಸೇರಿದ್ದರು. ಅಲ್ಲೂ ಇದೇ ನಾಟಕ, ಅಲ್ಲಿ ಇಂದುಮತಿಯೇ ರಾಣಿ, ಅವಳಿಗೆ ಮಾತು ಕಲಿಸುವವನು ಅಂದಾನಪ್ಪನೇ ಎಂಬ ಸುದ್ದಿ ಬಂದ ದಿನ ತುಂಗಾಬಾಯಿ ಉಣ್ಣಲಿಲ್ಲ. ಗಂಡು ಬಿಟ್ಟುಹೋದದ್ದಕ್ಕಿಂತ ಪಾರ್ಟು ಹೋದದ್ದು ಅವಳನ್ನು ಹೆಚ್ಚು ಸುಟ್ಟಿತು.

ಕರಾಳಕೇತುವಿನ ಪಾರ್ಟಿಗೆ ಸಣಕಲು ಮೈಯ ಒಬ್ಬನನ್ನು ತಂದರು. ಮೊದಲ ಆಟದಲ್ಲೇ ನಗೆಪಾಟಲು. ಬೋಳು ಗಲ್ಲದವನನ್ನು ಕಡಿದರೆ ಮೀಸೆಯ ತಲೆ ಹೊರಬಂತು. "ತುಂಗವ್ವಾ, ಬ್ಯಾರೆ ಯಾರನ್ನೋ ಕಡದು ಬಂದೀಯಲ್ಲ" ಎಂದು ಹಿಂದಿನ ಬೆಂಚಿನಿಂದ ಕೂಗಿದರು. ನನ್ನ ಮುಖಕ್ಕೆ ಬೇರೆ ಬಣ್ಣ ಬಳಿಸುವುದೆಂದು ಕೊಟ್ರಬಸಯ್ಯ ಹೇಳಿದ. ತುಂಗಾಬಾಯಿ ನನ್ನನ್ನು ಮಡಿಲಿಗೆಳೆದುಕೊಂಡು ಕೂತಳು.

"ಈ ಮುಖ ಹಿಂಗs ಇರಬೇಕು. ನಿಮಗ ಯಾಂವ ಬೇಕೋ ಅವನ್ನ ತರ್ರಿ, ಅವಂಗ ಈ ಮುಖ ಬರೀರಿ."

ಅಲ್ಲಿಂದ ಲೋಕ ಉಲ್ಟಾ ಆಯಿತು. ಮೊದಲು ಮನುಷ್ಯನನ್ನು ನೋಡಿ ನನ್ನನ್ನು ಮಾಡಿದ್ದರು. ಈಗ ನನ್ನನ್ನು ಎದುರಿಗಿಟ್ಟುಕೊಂಡು ಮನುಷ್ಯರನ್ನು ಮಾಡತೊಡಗಿದರು. ಎಷ್ಟೋ ಮಂದಿ ಬಂದರು, ಹೋದರು. ಎಲ್ಲರಿಗೂ ಎಡಹುಬ್ಬಿನ ಮೇಲೆ ಮಚ್ಚೆ, ಎಲ್ಲರಿಗೂ ಹುರಿಮೀಸೆ. ನನಗೂ ಸ್ವಲ್ಪ ಜಂಬ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ತುಂಗಾಬಾಯಿಯ ಕೈಯಲ್ಲಿ ಜಂಬ ನಿಲ್ಲುತ್ತಿರಲಿಲ್ಲ. ಹಿಂದೆ ಕಲಿತಂತೆ ಹೇಳುತ್ತಿದ್ದ ಶಾಪವನ್ನು ಈಗ ಅವಳು ಹಲ್ಲು ಕಡಿದು ಹೇಳುತ್ತಿದ್ದಳು. "ನಿನ್ನ ಮನೆಯ ಒಲೆ ಆರಲಿ. ನಿನ್ನ ವಂಶದ ಬೇರು ಒಣಗಲಿ. ಎಲವೋ ಕರಾಳಕೇತು, ನಿನ್ನ ಹೆಸರು ಹೇಳುವ ನಾಲಿಗೆ ಈ ಲೋಕದಲ್ಲಿ ಒಂದೂ ಉಳಿಯದಿರಲಿ." ಹೇಳುವಾಗ ಎಂಜಲು ನನ್ನ ಮುಖಕ್ಕೆ ಸಿಡಿಯುತ್ತಿತ್ತು. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಗಂಡಸರು ಕೂತಲ್ಲೇ ಕಾಲು ಮಡಚಿಕೊಳ್ಳುತ್ತಿದ್ದರು. ಕಂಪನಿ ಹೋದ ಊರಲ್ಲೆಲ್ಲ ಗೋಡೆಗೋಡೆಗೆ 'ತುಂಗಾಬಾಯಿಯ ರುಂಡದ ಸೀನು' ಎಂದು ಪೋಸ್ಟರು ಬಿತ್ತು. ಆ ಹೆಸರಿನಲ್ಲಿ ಅವಳು ನನ್ನವಳೋ ನಾನು ಅವಳವನೋ ಎಂಬುದೇ ಜನಕ್ಕೆ ಮರೆತುಹೋಯಿತು.

ನನ್ನನ್ನು ಸಾಮಾನಿನ ಪೆಟ್ಟಿಗೆಯಲ್ಲಿಡಲು ಅವಳು ಬಿಡಲಿಲ್ಲ. ತನ್ನ ಟ್ರಂಕಿನಲ್ಲಿ, ಸೀರೆಗಳ ನಡುವೆ ಇಟ್ಟುಕೊಂಡಳು. ಮುಚ್ಚಳ ತೆರೆದಾಗಲೆಲ್ಲ ಕೆಳಗಿನಿಂದ ಅವಳ ಗದ್ದ ಕಾಣುತ್ತಿತ್ತು. ವರ್ಷದಿಂದ ವರ್ಷಕ್ಕೆ ಅದು ಚೂಪಾಗುತ್ತ ಹೋಯಿತು. ಬಯ್ಯುವುದಕ್ಕೂ ನಾನೇ, ಊಟದ ರುಚಿ ಹೇಳುವುದಕ್ಕೂ ನಾನೇ. ಅವಳಿಗೆ ಬೇಕಾಗಿದ್ದುದು ಒಂದೇ: ಆ ಮಾತುಗಳನ್ನು ಮರಕ್ಕಲ್ಲ, ಅವನ ಜೀವಂತ ಮುಖಕ್ಕೆ, ತುಂಬಿದ ಸಭೆಯಲ್ಲಿ, ಅವನ ಹೆಸರು ಹಿಡಿದು ಹೇಳಬೇಕು. ಅದಾಗುವವರೆಗೆ ತನಗೆ ನೆಮ್ಮದಿಯಿಲ್ಲ ಎನ್ನುತ್ತಿದ್ದಳು. ನೆಮ್ಮದಿ ಇರಲೂ ಇಲ್ಲ.

ಅವನ ಕಂಪನಿ ಇಳಕಲ್‌ನಲ್ಲಿದೆ ಎಂದು ಕೇಳಿದರೆ ಮಾಲೀಕನನ್ನು ಕಾಡಿ ಬೇಡಿ ನಮ್ಮ ತಗಡು, ಬಿದಿರು, ಪರದೆ ಎಲ್ಲವನ್ನೂ ಅಲ್ಲಿಗೆ ಎತ್ತಿಸುತ್ತಿದ್ದಳು. ನಾವು ಇಳಕಲ್ ಮುಟ್ಟುವಷ್ಟರಲ್ಲಿ ಅವರು ಮುದ್ದೇಬಿಹಾಳಕ್ಕೆ ಹೋಗಿರುತ್ತಿದ್ದರು. ಮುದ್ದೇಬಿಹಾಳಕ್ಕೆ ಹೋದರೆ ತಾಳಿಕೋಟೆಗೆ. ಎಲ್ಲಿಯೂ ಸಿಗಲಿಲ್ಲ. ಪ್ರತಿ ಆಟಕ್ಕೆ ಮೊದಲು ಮುಂಪರದೆಯ ತೂತಿಗೆ ಕಣ್ಣು ಹಚ್ಚಿ, ಜನರ ನಡುವೆ ಅವನೇನಾದರೂ ಕದ್ದು ಬಂದು ಕೂತಿದ್ದಾನೆಯೇ ಎಂದು ಸಾಲುಸಾಲು ಹುಡುಕುತ್ತಿದ್ದಳು. ಒಂದೊಂದು ಊರಲ್ಲಿ ಬಿಡಾರದ ಗಂಟು ಬಿಚ್ಚುತ್ತಲೂ ಇರಲಿಲ್ಲ.

ರಾಜೇಸಾಬ ಮಾಸ್ತರ ಒಮ್ಮೆ ಅವಳ ಬಿಡಾರದ ಬಾಗಿಲಲ್ಲಿ ಕೂತು, ತಲೆ ತಗ್ಗಿಸಿಕೊಂಡು ಮಾತಾಡಿದ. ಗಜೇಂದ್ರಗಡದಲ್ಲಿ ಅಂದು ಮಂಗಳದ ಹೊತ್ತಿಗೆ ನಾಲ್ಕು ಸ್ವರ ಬಾರಿಸಿ ಬಾರಿಸಿ ಅವಳ ಮಾನ ಕಾಯಲು ನೋಡಿದವನು ಅವನೇ.

"ಗದಗಿನ್ಯಾಗ ನಂದೊಂದು ಸಣ್ಣ ಮನಿ ಐತಿ. ಹುಡುಗರಿಗೆ ಹಾಡು ಕಲಸ್ಕೋತ ಇರಬೇಕಂತ ಮಾಡೇನಿ. ನೀನೂ ಬಂದ್ರ ಛಲೋ ಆಕ್ಕೈತಿ."

"ಮಾಸ್ತರ, ನಿಮ್ಮಂಥಾ ಮನಷ್ಯಾ ಸಿಗೂದಿಲ್ಲ. ಖರೆ, ಅವಂದೊಂದು ಮುಗೀಲಿ" ಎಂದಳು ಇವಳು.

"ಅದು ಮುಗಿಯೂದಲ್ಲ ತುಂಗಾ" ಎಂದು ಅವನು ಎದ್ದು ಹೋದ. ಕೆಲವು ದಿನಗಳಲ್ಲಿ ಕಂಪನಿಯನ್ನೂ ಬಿಟ್ಟ. ಅವಳು ಟ್ರಂಕು ತೆರೆದು ನನ್ನನ್ನು ನೋಡುತ್ತ ಬಹಳ ಹೊತ್ತು ಕೂತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಒಳ್ಳೆಯವನನ್ನು ಬಿಟ್ಟು ಮರದ ತಲೆಯನ್ನು ಹಿಡಿದುಕೊಂಡವಳಿಗೆ ಏನು ಹೇಳುವುದು.

ಅವನು ಬಂದದ್ದು ಅವಳು ಹುಡುಕುವುದನ್ನು ಬಿಟ್ಟ ಮೇಲೆ. ರೋಣದ ಕ್ಯಾಂಪು, ಸುಡು ಮಧ್ಯಾಹ್ನ, ತಾಲೀಮು ನಡೆದಿತ್ತು. ನಾನು ರಂಗದ ಮೇಲೊಂದು ಸ್ಟೂಲಿನ ಮೇಲೆ ವಾಲಿಕೊಂಡಿದ್ದೆ. ತಗಡಿನ ಬಾಗಿಲಲ್ಲಿ ಒಬ್ಬ ಮುದುಕ ನಿಂತ. ಬಲಗಡೆಯ ಮುಖ ಲಕ್ವ ಹೊಡೆದು ಜೋತುಬಿದ್ದಿತ್ತು, ಬಾಯ ಕೊನೆಯಲ್ಲಿ ಜೊಲ್ಲು. ಬಂದವನು ನೇರ ನನ್ನೆದುರು ನಿಂತು ನೋಡಿದ. ಕೈಯೆತ್ತಿ ತನ್ನ ಜೋತ ಕೆನ್ನೆ ಮುಟ್ಟಿಕೊಂಡ. ಎಡಹುಬ್ಬಿನ ಮೇಲೆ ಮಚ್ಚೆ ಇತ್ತು.

ನಾನು ಮೊದಲ ಬಾರಿ ಮುದುಕನಾದದ್ದು ಆಗಲೇ ಎನ್ನಬಹುದು.

ಇಂದುಮತಿ ಅವನನ್ನು ಬಿಟ್ಟು ಸಿನಿಮಾದವರ ಹಿಂದೆ ಹೋಗಿ ಬಹಳ ಕಾಲವಾಗಿತ್ತಂತೆ. ಆ ಕಂಪನಿಯೂ ಮುಚ್ಚಿತ್ತು. ಗೇಟು ಕಾಯುವುದಿರಲಿ, ಪರದೆ ಎಳೆಯುವುದಿರಲಿ, ಒಂದು ಮೂಲೆ ಕೊಡಿ ಎಂದು ತೊದಲುತ್ತ ಕೇಳಿದ. ಕೊಟ್ರಬಸಯ್ಯನಿಗೂ ಆಗ ವಯಸ್ಸಾಗಿತ್ತು. ಅವನು ಹಳೆಯ ಸಿಟ್ಟನ್ನೆಲ್ಲ ಒಟ್ಟುಮಾಡಿ ಮುಖಕ್ಕೆ ಮಂಗಳಾರತಿ ಎತ್ತಲು ಬಾಯಿ ತೆರೆಯುವಷ್ಟರಲ್ಲಿ ತುಂಗಾಬಾಯಿ ನಡುವೆ ಬಂದಳು.

"ಇರ್ಲಿ ಬಿಡ್ರಿ. ಆದಿತ್ಯವಾರದ ಆಟದಾಗ ಕಡೀ ಸೀನಿಗೆ ಇವನ್ನ ಕೂಡಸ್ರಿ. ಸಾಯಾಕ ಮಾತ ಯಾಕ ಬೇಕು?"

ಎಲ್ಲರೂ ಅವಳ ದೊಡ್ಡ ಮನಸ್ಸನ್ನು ಹೊಗಳಿದರು. ನನಗೆ ಮಾತ್ರ ಗೊತ್ತಿತ್ತು. ಅವಳು ಬಿಡಾರಕ್ಕೆ ಬಂದು ನನ್ನನ್ನು ಟ್ರಂಕಿಗಿಡುತ್ತ, "ಕರಾಳಕೇತು ಅನ್ನಂಗಿಲ್ಲ ನಾ. ಅಂದಾನಪ್ಪ ಅಂತೀನಿ. ಯಾವಾಗ ಹೋದ, ಯಾರ ಕೂಡ ಹೋದ, ಎಲ್ಲಾ ಊರಿಗೆ ಹೇಳ್ತೀನಿ" ಎಂದಳು.

ಆದಿತ್ಯವಾರ ಮಧ್ಯಾಹ್ನದ ಆಟ. ಬಣ್ಣದವನು ನನ್ನನ್ನು ಎದುರಿಗಿಟ್ಟುಕೊಂಡು ಅಂದಾನಪ್ಪನಿಗೆ ಅಂದಾನಪ್ಪನ ಮುಖ ಬರೆಯಲು ಹೆಣಗಿದ. ಎಡಗಡೆ ಬಂತು. ಬಲಗಡೆ ಎಷ್ಟು ಬರೆದರೂ ಜಾರಿತು. ಕಡೆಗೆ ಅರ್ಧಮುಖಕ್ಕೆ ಉತ್ತರೀಯ ಹೊದಿಸಿ ಕೂರಿಸಿದರು. ತುಂಗಾಬಾಯಿ ಬಂದು ಉಂಡೆದ್ದವನ ಕೈಗೆ ನೀರು ಹಾಕಿದಳು. ಅವನ ಕೈ ಸೊಟ್ಟಗಿದ್ದುದರಿಂದ ನೀರು ಅವಳ ಕಾಲ ಮೇಲೆ ಚೆಲ್ಲಿತು. ಒಳಪರದೆ ಬಿತ್ತು, ಕಡಿದ ಸದ್ದಾಯಿತು, ಅವನನ್ನು ಎಬ್ಬಿಸಿ ಎದುರುಬದಿಯ ಮರೆಗೆ ನಡೆಸಿದರು. ಅವಳು ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು.

ಈ ಸಲ ಅವನು ನನ್ನ ಹಿಂದಿದ್ದ. ನನಗೆ ಕಂಡದ್ದು ಅವಳ ಮುಖ ಒಂದೇ. ಆ ಮುಖವನ್ನು ನಾನು ಎಷ್ಟೋ ವರ್ಷ ನೋಡಿದ್ದೆ, ಅಂದಿನಷ್ಟು ಭಯಂಕರವಾಗಿ ಎಂದೂ ನೋಡಿರಲಿಲ್ಲ. "ನಿನ್ನ ಮನೆಯ ಒಲೆ ಆರಲಿ" ಎಂದಳು. "ನಿನ್ನ ವಂಶದ ಬೇರು ಒಣಗಲಿ" ಎಂದಳು. ಆಮೇಲೆ ನನ್ನನ್ನು ಬಿಟ್ಟು ದೃಷ್ಟಿಯನ್ನು ಅವನ ಕಡೆ ಎತ್ತಿ, "ಎಲವೋ" ಎಂದಳು.

ಅಲ್ಲಿಗೆ ನಿಂತಳು.

ಅವಳಿಗೆ ಕಂಡದ್ದೇನೆಂದು ಆಮೇಲೆ ಅವಳೇ ನನಗೆ ಹೇಳಿದಳು. ಅಂದಾನಪ್ಪನ ತುಟಿ ಆಡುತ್ತಿತ್ತಂತೆ. ಅವಳ ಒಂದೊಂದು ಮಾತನ್ನೂ ಅವಳ ಜೊತೆಗೇ ಸದ್ದಿಲ್ಲದೆ ಹೇಳುತ್ತಿದ್ದನಂತೆ, ಹಿಂದೆ ಬಿಡಾರದಲ್ಲಿ ಕಲಿಸುವಾಗ ಹೇಳುತ್ತಿದ್ದ ಹಾಗೆ. ಉಸಿರು ಹಿಡಿಯುವಲ್ಲಿ ಹಿಡಿದು, ಬಿಡುವಲ್ಲಿ ಬಿಟ್ಟು. ಅದನ್ನು ನೋಡಿ ಅವಳ ಬಾಯಿಗೆ ಬಂದಿದ್ದ ಹೆಸರು ಅಲ್ಲೇ ಉಳಿಯಿತು.

ಜನ ಕಾಯುತ್ತಿದ್ದರು. ತುಂಗಾಬಾಯಿ ಮಾತು ಮರೆಯುವವಳಲ್ಲ ಎಂಬ ಧೈರ್ಯದಿಂದ ಮಾತು ಎತ್ತಿಕೊಡುವವನು ಪುಸ್ತಕ ಮಡಚಿ ಬೀಡಿ ಸೇದಲು ಹೋಗಿದ್ದ. ಯಾರೋ ಕೆಮ್ಮಿದರು. ಹಿಂದಿನ ಬೆಂಚಿನಲ್ಲಿ ಶಿಳ್ಳೆ ಶುರುವಾಗುವ ಲಕ್ಷಣ ಕಂಡಿತು. ಆಗ ನನ್ನ ಹಿಂದಿನಿಂದ ಆ ತೊದಲು ದನಿ ಬಂತು, ಗಾಬರಿಯ, ಸಣ್ಣ ದನಿ:

"ಕರಾಳಕೇತು… ನಿನ್ನ ಹೆಸರು ಹೇಳುವ ನಾಲಿಗೆ… ಈ ಲೋಕದಲ್ಲಿ ಒಂದೂ… ಹೇಳs, ತುಂಗಾ."

ಅವಳು ಮರೆತಳೆಂದೇ ತಿಳಿದಿದ್ದ ಅವನು. ಸೀನು ಬಿದ್ದುಹೋಗಬಾರದು, ಜನ ಅವಳನ್ನು ನೋಡಿ ನಗಬಾರದು, ಅಷ್ಟೇ ಅವನ ತಲೆಯಲ್ಲಿದ್ದುದು. ಆ ಶಾಪ ಯಾರ ಮೇಲೆ ಬೀಳುತ್ತಿದೆ ಎಂಬುದು ಅವನಿಗೆ ಹೊಳೆದಿತ್ತೋ ಇಲ್ಲವೋ ನಾನು ಹೇಳಲಾರೆ. ನನಗೆ ಅವನ ಮುಖವಷ್ಟೇ ಕೊಟ್ಟಿದ್ದರು, ಮನಸ್ಸು ಕೊಟ್ಟಿರಲಿಲ್ಲ.

ತುಂಗಾಬಾಯಿ ಹೇಳಿದಳು. ಪುಸ್ತಕದಲ್ಲಿದ್ದ ಹಾಗೆಯೇ, ಕರಾಳಕೇತು ಎಂದೇ ಹೇಳಿದಳು. ಕೂಗಲಿಲ್ಲ. ಕೂಸಿಗೆ ಬುದ್ಧಿ ಹೇಳುವ ದನಿಯಲ್ಲಿ, ನನ್ನ ಹಣೆಯ ಮೇಲೆ ಕೈಯಿಟ್ಟು ಹೇಳಿದಳು. ಅಂದು ಯಾರೂ ಶಿಳ್ಳೆ ಹೊಡೆಯಲಿಲ್ಲ. ಬಸ್ಸಿಗೂ ಯಾರೂ ಏಳಲಿಲ್ಲ. ಮಗನ ಕತ್ತಿ ಅವಳಿಗೆ ತಾಗುವವರೆಗೂ ಎಲ್ಲರೂ ಕೂತಿದ್ದರು. ಮಂಗಳಕ್ಕೆ ಅಂದಾನಪ್ಪ ಕಾಲೆಳೆಯುತ್ತ ಬಂದು ನಿಂತ.

ಒಳಗೆ ಬಂದ ಮೇಲೆ ಅವನೇ ಮೊದಲು ಮಾತಾಡಿದ.

"ಮಾತು ಯಾಕ ಬಿಟ್ಟಿ? ಎಂದೂ ಬಿಟ್ಟಾಕಿ ಅಲ್ಲ ನೀ."

ಅವಳು ಅವನ ಬಾಯ ಕೊನೆಯ ಜೊಲ್ಲನ್ನು ನೋಡುತ್ತ ನಿಂತಳು. ಅಷ್ಟು ವರ್ಷ ಕೂಡಿಟ್ಟ ಮಾತುಗಳಲ್ಲಿ ಯಾವುದಾದರೂ ಒಂದು ಈಗ ಬಂದೀತೆಂದು ನಾನು ಕಾದೆ.

"ಉಂಡೀಯೇನು?" ಎಂದು ಕೇಳಿದಳು.

ಅಲ್ಲಿಗೆ ನಾಟಕ ಸತ್ತಿತು. ಮುಂದಿನ ಆಟಗಳಲ್ಲಿ ಅವಳ ಶಾಪಕ್ಕೆ ಕಾವೇ ಹುಟ್ಟಲಿಲ್ಲ. ಎಂಜಲು ಸಿಡಿಯಲಿಲ್ಲ. ಕೊಟ್ರಬಸಯ್ಯ ಗೊಣಗಿದ, ಬೈದ, ಕೊನೆಗೆ ನಗೆನಾಟಕ ಹಚ್ಚಿದ. ಅದರಲ್ಲಿ ಯಾರೂ ಸಾಯುತ್ತಿರಲಿಲ್ಲ, ನನಗೆ ಕೆಲಸವಿರಲಿಲ್ಲ. ಸೇಡು ತೀರಿತೋ, ಹಾಗೇ ಸೋರಿಹೋಯಿತೋ ನನಗೆ ಇವತ್ತಿಗೂ ತಿಳಿಯದು. ತುಂಗಾಬಾಯಿಗೂ ತಿಳಿದಿರಲಿಲ್ಲ. ಸಿಟ್ಟು ಹೋದ ಮೇಲೂ ಚಡಪಡಿಕೆ ಹೋಗಲಿಲ್ಲ. ಬಿಡಾರದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು, ಏನೋ ಕಳೆದುಕೊಂಡವಳ ಹಾಗೆ ಟ್ರಂಕು ತೆರೆದು ಮುಚ್ಚುತ್ತಿದ್ದಳು.

ಅಂದಾನಪ್ಪ ಪರದೆ ಎಳೆಯುತ್ತಿದ್ದ. ಅವನಿಗೆ ದಿನಾ ಬುತ್ತಿ ಕಟ್ಟಿ ಕಳಿಸುವವಳು ಅವಳೇ. ಎದುರು ಕೂತು ಮಾತಾಡಿದ್ದು ಕಡಿಮೆ. ನವಲಗುಂದದ ಕ್ಯಾಂಪಿನಲ್ಲಿ ಒಂದು ಮುಂಜಾನೆ ಅವನು ಪರದೆಯ ಹಗ್ಗದ ಪಕ್ಕ ಮಲಗಿದವನು ಏಳಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಅವಳು ನನ್ನನ್ನು ಮಡಿಲಲ್ಲಿಟ್ಟುಕೊಂಡು ಗಟ್ಟಿಯಾಗಿ ಅತ್ತಳು. ಅದು ನಾಟಕದ ಅಳುವಲ್ಲ, ಮೂಗು ಬಾಯಿ ಸೋರುವ ಅಳು.

"ಹೇಳದs ಹೋದ್ಯಲ್ಲೋ ಮತ್ತ" ಎಂದಳು.

ಕಂಪನಿ ಮುಚ್ಚಿತು. ಕೊಟ್ರಬಸಯ್ಯ ತೀರಿಹೋದ. ತುಂಗಾಬಾಯಿ ಗದಗಿಗೆ ಬಂದು ಒಂದು ಕೋಣೆ ಹಿಡಿದಳು. ರಾಜೇಸಾಬ ಮಾಸ್ತರನ ಮನೆ ಕೇಳಿಕೊಂಡು ಹೋದಾಗ ಅವನು ತೀರಿಕೊಂಡು ವರ್ಷಗಳಾಗಿದ್ದವು. ತಿರುಗಿ ಬಂದು ಒಲೆ ಹಚ್ಚಿದಳು. ನಾನು ಬೇಳೆಯ ಡಬ್ಬಿಗಳ ಪಕ್ಕ ಗೂಡಿನಲ್ಲಿದ್ದೆ.

ಹಾಗಿರುವಾಗ ಒಬ್ಬ ಕನ್ನಡಕದ ಗೃಹಸ್ಥ ಬಂದ. ನಾಟಕ ಕಂಪನಿಗಳ ಹಳೆಯ ಸಾಮಾನುಗಳನ್ನು ಕೂಡಿಸಿ ಒಂದು ಕಡೆ ಜನರಿಗೆ ತೋರಿಸಲು ಇಡುತ್ತಾರಂತೆ, ನನ್ನನ್ನು ಕೊಡಬೇಕಂತೆ. ಜೊತೆಗೆ ಆ ಶಾಪದ ಮಾತನ್ನು ಒಮ್ಮೆ ಹೇಳಿದರೆ ಯಂತ್ರದಲ್ಲಿ ಹಿಡಿದುಕೊಳ್ಳುತ್ತೇನೆಂದ. ಅವನ ಕೈಯಲ್ಲಿ ಅಚ್ಚಾದ ನಾಟಕದ ಪುಸ್ತಕವೂ ಇತ್ತು.

ತುಂಗಾಬಾಯಿ ನೆಲದ ಮೇಲೆ ಕೂತಲ್ಲೇ ನನ್ನನ್ನು ಸೆರಗಿಗೆ ತೆಗೆದುಕೊಂಡಳು. ದನಿ ಹರಿದಿತ್ತು, ಆದರೂ ಮನೆ ತುಂಬಿತು. "ನಿನ್ನ ಮನೆಯ ಒಲೆ ಆರಲಿ. ನಿನ್ನ ವಂಶದ ಬೇರು ಒಣಗಲಿ. ಎಲವೋ" ಎಂದು ನಿಂತಳು. ಗೃಹಸ್ಥ ಸ್ವಲ್ಪ ಹೊತ್ತು ಕಾದು, ಪುಸ್ತಕ ನೋಡಿ, ಮೆಲ್ಲಗೆ ಮುಂದಿನ ಮಾತು ಎತ್ತಿಕೊಡಲು ಹೋದ. ಅವಳು ಕೈ ಅಡ್ಡ ಮಾಡಿದಳು.

"ನನಗ ಬರತೈತ್ರಿ ಅದು. ಹೇಳಂಗಿಲ್ಲ."

"ಯಾಕ್ರಿ ಅಮ್ಮ?"

"ಆ ಶಾಪ ಅವಂಗ ಹತ್ತಿಬಿಟ್ಟೈತ್ರಿ. ಈಗ ಅವನ ಹೆಸರು ಹೇಳಾಕ ನನ್ನ ಬಿಟ್ಟು ಯಾರೂ ಇಲ್ಲ."

ಅವನಿಗೆ ಅರ್ಥವಾಗಲಿಲ್ಲ. ಯಂತ್ರ ಆರಿಸಿ, ನನ್ನ ಕೆಳಗೆ ಅಂಟಿಸುವ ಚೀಟಿ ತೆಗೆದು, "'ಕರಾಳಕೇತುವಿನ ರುಂಡ' ಅಂತ ಬರೆದರೆ ಸಾಕಲ್ಲವೇ?" ಎಂದು ಕೇಳಿದ.

"ಕರಾಳಕೇತು ಅಂತ ಯಾರೂ ಇದ್ದಿಲ್ರಿ. ಅಂದಾನಪ್ಪ ಅಂತ ಬರೀರಿ. ಸೂಡಿ ಊರಾಂವ. ಖಳನ ಪಾರ್ಟು ಮಾಡ್ತಿದ್ದ, ಮಾತು ಕಲಸ್ತಿದ್ದ."

ಅವನು ಬರೆದ.

"ಓದ್ರಿ."

ಅವನು ಓದಿದ.

"ಹಿಂಗಲ್ಲ, ಹೊರಗ ನಿಂತಾವ್ರಿಗೆ ಕೇಳಬೇಕು" ಎಂದಳು. ಅವನು ಮುಜುಗರದಿಂದ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ. ಎದುರುಮನೆಯವರು ಇಣುಕಿದರು. ತುಂಗಾಬಾಯಿ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಕೊಟ್ಟವರೆಂದು ನಿಮ್ಮ ಹೆಸರೂ ಬರೆಯುತ್ತೇನೆ ಎಂದು ಅವನು ಅಂದದ್ದಕ್ಕೆ ಚೀಟಿಯನ್ನು ನೋಡಿ, "ಜಾಗ ಇಲ್ಲ, ಬಿಡ್ರಿ" ಎಂದಳು. ಹೊಸಿಲವರೆಗೂ ಬರದೆ ಒಳಗೇ ಉಳಿದಳು.

ಈಗ ನಾನು ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಬಂದವರು ಬಗ್ಗಿ ನೋಡುತ್ತಾರೆ, ಹೆದರಿದ ಹಾಗೆ ಮಾಡಿ ನಗುತ್ತಾರೆ, ಚೀಟಿ ಓದುತ್ತಾರೆ. ಶಾಲೆಯ ಮಕ್ಕಳಂತೂ ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿಯೇ ಓದುತ್ತಾರೆ: ಅಂದಾನಪ್ಪ, ಸೂಡಿ. ಶಾಪ ಹಾಕಿದವಳೇ ಅದನ್ನು ಹಿಂದಕ್ಕೆ ತೆಗೆದುಕೊಂಡಳು, ಅದಕ್ಕೆ ಇಡೀ ಆಯುಷ್ಯ ಹಿಡಿಯಿತು. ಅವಳು ಹೋದಳೆಂಬ ಸುದ್ದಿಯನ್ನು ಆ ಕನ್ನಡಕದ ಗೃಹಸ್ಥನೇ ಒಮ್ಮೆ ಯಾರಿಗೋ ಹೇಳುತ್ತಿದ್ದುದು ಗಾಜಿನೊಳಗಿನಿಂದ ನನ್ನ ಕಿವಿಗೆ ಬಿತ್ತು. ಅಂದಿನಿಂದ ನನಗೆ ಸಮಾಧಾನವಿಲ್ಲ. ಮಕ್ಕಳು ಅವನ ಹೆಸರು ಓದಿ ಮುಂದಿನ ಪೆಟ್ಟಿಗೆಗೆ ಹೋಗಿಬಿಡುತ್ತಾರೆ, ನನ್ನನ್ನು ಎತ್ತಿ ಹಿಡಿದಿದ್ದ ಕೈ ಯಾರದೆಂದು ಕೇಳುವುದಿಲ್ಲ. ಚೀಟಿಯಲ್ಲಿ ಅದಿಲ್ಲವಲ್ಲ. ಅದಕ್ಕೇ ಗಂಟಲಿಲ್ಲದ ನಾನು ಇಷ್ಟು ಹೇಳಬೇಕಾಯಿತು. ಅವಳ ಹೆಸರು ತುಂಗಾಬಾಯಿ.